ಕಂದು ಹಾಕಿದ ಕುರಿ, ಊರು ಸುತ್ತಿದ ಟಗರು

ನಂಜನಾಡಿನ ಲಿಂಗಾಜಮ್ಮನ ದೊಡ್ಡಿಯಲ್ಲಿ ಮತ್ತೊಂದು ಕುರಿ ಕಂದು ಹಾಕಿತ್ತು. ದಿನ ತುಂಬುವ ಮೊದಲೇ ಸತ್ತ ಮರಿ ಹೊರಗೆ ಬಿದ್ದಿತ್ತು. ಲಿಂಗಾಜಮ್ಮನಿಗೆ ಅಳುವಷ್ಟು ತ್ರಾಣವೂ ಉಳಿದಿರಲಿಲ್ಲ. ಗೋಡೆಗೆ ಒರಗಿ ಕೂತೇ ಸೊಸೆಯನ್ನು ಕರೆದಳು.

"ಪುಷ್ಪಾ, ಅದನ್ನೆತ್ತಿ ಕೋಸಿನ ಹೊಲದಾಚೆ ಎಸೆದು ಬಾ. ನಾಯಿ ತಿನ್ಕೊಳ್ಳುತ್ತೆ."

ಬಸುರಿ ಪುಷ್ಪಾ ಸೆರಗು ಸಿಕ್ಕಿಸಿ ಬಗ್ಗಿದಳು.

"ಮುಟ್ಟಬೇಡಮ್ಮಾ!"

ಬೇಲಿಯಾಚೆಯಿಂದ ಕೂಗಿದ್ದು ದನದ ಡಾಕ್ಟರ್ ವಸಂತಾಮಣಿ. ಹೋದ ವಾರ ಟಗರಿನದೂ ಕುರಿಗಳದೂ ರಕ್ತ ತೆಗೆದುಕೊಂಡು ಹೋಗಿದ್ದವರು.

"ಬನ್ನಿ ಡಾಕ್ಟರಮ್ಮ. ರಕ್ತದಲ್ಲಿ ಏನು ಕಂಡ್ರಿ? ಯಾರ ಕಣ್ಣು ಬಿದ್ದಿದೆ ಅಂತ ಕಂಡಿತಾ?"

"ಕಂದು ರೋಗ ಕಂಡಿತು ಅಮ್ಮಾ. ಬ್ಯಾಕ್ಟೀರಿಯಾ ಅಂತ, ಕಣ್ಣಿಗೆ ಕಾಣದ ಕ್ರಿಮಿ. ಟಗರಿಗೂ ಇದೆ."

"ನನ್ನ ಟಗರಿಗಾ? ನೋಡಿ ಅದನ್ನ, ಗೋಡೆ ಕೆಡವೋ ಹಾಗಿದೆ. ನಿಲ್ಲೋಕೆ ಆಗದೋಳು ನಾನು, ರೋಗ ಅದಕ್ಕಾ?"

"ಗಟ್ಟಿಮುಟ್ಟಾಗಿ ಕಾಣೋದರಲ್ಲೂ ಇರುತ್ತೆ. ಈ ಸಲ ಯಾರ್ಯಾರ ಮನೆಗೆ ಕೊಟ್ಟಿದ್ರಿ?"

ಲಿಂಗಾಜಮ್ಮ ಬೆರಳು ಮಡಚಿ ಎಣಿಸತೊಡಗಿದಳು. ಕುರಿ ಬೆದೆಗೆ ಬರುವ ಕಾಲದಲ್ಲಿ ಅವಳ ಟಗರು ನೆಂಟರ ದೊಡ್ಡಿಗಳಲ್ಲೆಲ್ಲ ತಂಗಿ ಬರುವುದು ವಾಡಿಕೆ. ಕೇಳಿದವರಿಗೆ ಇಲ್ಲ ಎಂದರೆ, ಮನೆಗೆ ಬಂದವರನ್ನು ನೀರು ಕೊಡದೆ ಕಳಿಸಿದ ಹಾಗೆ.

"ಒಂದು ದೊಡ್ಡೀಲಿ ರೋಗ ಹತ್ತಿಸಿಕೊಂಡು ಇನ್ನೊಂದರಲ್ಲಿ ಬಿಟ್ಟು ಬರುತ್ತೆ," ಎಂದರು ಡಾಕ್ಟರು. " ಸತ್ತ ಮರಿ, ಅದರ ಜೊತೆ ಬೀಳೋ ಮಾಸು, ಮೈಲಿಗೆ ನೀರು, ಎಲ್ಲದರಲ್ಲೂ ಕ್ರಿಮಿ. ನಾಯಿ ಎಳೆದಾಡಿದರೆ ಊರಿಗೆಲ್ಲ. ಮನುಷ್ಯರಿಗೂ ಬರುತ್ತೆ, ಬಿಟ್ಟು ಬಿಟ್ಟು ಜ್ವರ, ಕೀಲುನೋವು. ಬಸುರಿಯರಿಗೆ ಹತ್ತಿದರೆ ಹೊಟ್ಟೆಯ ಕೂಸಿಗೂ ಕುತ್ತು."

"ಹೋದ ಸಲಾನೂ ನಾನೇ ಎತ್ತಿದ್ದು," ಎಂದಳು ಪುಷ್ಪಾ, ಮೆಲ್ಲಗೆ.

"ಹಾಗಾದ್ರೆ ಇವತ್ತೇ ಊಟಿ ಆಸ್ಪತ್ರೆಗೆ ಹೋಗು. ವಿಷಯ ಹೇಳಿ ರಕ್ತ ಪರೀಕ್ಷೆ ಮಾಡಿಸು. ಬೇಗ ಗೊತ್ತಾದರೆ ಮದ್ದಿದೆ."

ಲಿಂಗಾಜಮ್ಮ ಗೋಡೆ ಹಿಡಿದು ಎದ್ದಳು. ಸೊಸೆಯನ್ನು ಬಸ್ಸಿಗೆ ಕಳಿಸಿದಳು. ಡಾಕ್ಟರು ಕೊಟ್ಟ ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ದೊಡ್ಡಿಯ ಹಿಂದೆ ಗುಂಡಿ ತೋಡತೊಡಗಿದಳು. ಅಷ್ಟರಲ್ಲಿ ತಮ್ಮ ಚೆನ್ನಯ್ಯ ಹಗ್ಗ ಹಿಡಿದು ಬಂದ.

"ಅಕ್ಕಾ, ಟಗರು ಹೊಡ್ಕೊಂಡು ಹೋಗೋಣ ಅಂತ ಬಂದೆ."

"ಕೊಡಲ್ಲ ಕಣೋ. ರೋಗ ಇದೆ."

"ಊರಿಗೆಲ್ಲ ಕೊಡೋವಾಗ ಇರಲಿಲ್ವಾ ರೋಗ? ಒಡಹುಟ್ಟಿದವನು ಕೇಳಿದಾಗಲೇ ಬಂತಾ?"

"ಒಡಹುಟ್ಟಿದವನು ಅಂತಲೇ ಇಲ್ಲ ಅಂತಿರೋದು. ನಿನ್ನ ದೊಡ್ಡೀಲೂ ಕಸ ಬಾಚೋದು ಹೆಣ್ಣುಮಗಳೇ ಅಲ್ವಾ? ನನ್ನ ಪುಷ್ಪಾ ಈಗ ಆಸ್ಪತ್ರೆಗೆ ಹೋಗಿದಾಳೆ. ಏನು ಹೇಳ್ತಾರೋ." ಅವಳು ಹಣೆ ಒರೆಸಿಕೊಳ್ಳಲು ಕೈ ಎತ್ತಿ, ಕೈಗವಸು ನೆನಪಾಗಿ ಇಳಿಸಿದಳು. "ಹಗ್ಗ ಅಲ್ಲಿಡು. ಗುದ್ದಲಿ ತಗೋ. ಈ ಆಳ ಸಾಲದು."

ಚೆನ್ನಯ್ಯ ಹಗ್ಗವನ್ನು ಬೇಲಿಗೆ ಹಾಕಿ ಗುದ್ದಲಿ ತೆಗೆದುಕೊಂಡ.

ಕುರಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ದಣಿವಿದೆ, ಗೊತ್ತು. ಆದರೂ ರಕ್ತ ಪರೀಕ್ಷೆ ಮಾಡಿಸದೆ ಟಗರನ್ನು ಕೊಡಬೇಡಿ, ತರಬೇಡಿ. ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಿ, ದನದ ಡಾಕ್ಟರಿಗೆ ಹೇಳಿ. ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟದೆ, ಸುಣ್ಣ ಸುರಿದು ಆಳಕ್ಕೆ ಹೂಳಿ. ಹಾಲು ಕಾಯಿಸದೆ ಕುಡಿಯಬೇಡಿ. ಬಸುರಿಯರನ್ನು ಆ ಕೆಲಸಕ್ಕೆ ಕಳಿಸಲೇಬೇಡಿ.