ಗುಂಡನ ಪೆಟ್ಟಿಗೆಯ ಶಾಖ

ಬಾಗಿಲು ತೆಗೆದ ಕೂಡಲೇ ಮಾರೆನ್‌ಳ ಮುಖಕ್ಕೆ ಚಳಿ ರಾಚಿತು. ಹೊರಗಿನ ಮೆಟ್ಟಿಲ ಮೇಲೆಯೇ ಇದಕ್ಕಿಂತ ಬೆಚ್ಚಗಿತ್ತು. ಹಾಲ್‌ನ ಎರಡೂ ಕಿಟಕಿಗಳು, ಬಾಲ್ಕನಿಯ ಬಾಗಿಲು, ಎಲ್ಲವನ್ನೂ ಪೂರ್ತಿ ತೆರೆದಿಡಲಾಗಿತ್ತು. ಪರದೆ ಹೊರಗೆ ಹಾರಿ ಕಂಬಿಗೆ ಸಿಕ್ಕಿಕೊಂಡಿತ್ತು. ಕಪ್ಪೆಯ ಗಾಜಿನ ಪೆಟ್ಟಿಗೆಯ ಮುಚ್ಚಳ ಗೋಡೆಗೆ ಒರಗಿತ್ತು. ಪೆಟ್ಟಿಗೆಗೆ ಶಾಖ ಕೊಡುವ ಹಾಳೆಯ ಪ್ಲಗ್ ಕಿತ್ತು, ವಯರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು.

ಇದು ಅತ್ತೆ ಹೆಡ್ವಿಗ್‌ಳದೇ ಕೆಲಸ. ಅವಳ ಕಟ್ಟಡದಲ್ಲಿ ಹಿಮಕ್ಕೆ ನೀರಿನ ಕೊಳವೆ ಒಡೆದು, ಭಾನುವಾರದಿಂದ ಮಗನ ಮನೆಯಲ್ಲಿದ್ದಳು. ಬೆಳಗಾದರೆ ಕಿಟಕಿಗಳನ್ನು ತೆರೆದು ಮನೆಗೆ ಗಾಳಿ ಆಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿದು ಮನೆಯೊಡೆಯ ಕೂಗಾಡುತ್ತಾನೆ. ನಮ್ಮ ಈ ಚಳಿಯ ಊರುಗಳಲ್ಲಿ ಇದು ಹಲ್ಲುಜ್ಜುವಷ್ಟೇ ಸಹಜ. ಚಳಿಗಾಲದಲ್ಲಿ ಐದು ನಿಮಿಷ ಸಾಕು. ಆದರೆ ಕಿಟಕಿ ತೆರೆದಿಟ್ಟು ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದ ಹೆಡ್ವಿಗ್‌ಗೆ ಅಲ್ಲಿ ಎರಡನೇ ಮಹಡಿಯ ಹೆಂಗಸು ಸಿಕ್ಕಿದ್ದಳು. ಮಾತು ಶುರುವಾದರೆ ಮುದುಕಿಗೆ ಹೊತ್ತುಗೊತ್ತು ಇರುವುದಿಲ್ಲ.

ಮಾರೆನ್ ಬೇಕರಿಯಿಂದ ತಂದ ಬ್ರೆಡ್ಡಿನ ಚೀಲವನ್ನು ಅಲ್ಲೇ ಬಿಟ್ಟು ಓಡಿದಳು. ಪೆಟ್ಟಿಗೆಯೊಳಗೆ, ಒದ್ದೆ ತೆಂಗಿನ ನಾರಿನಲ್ಲಿ ಅರ್ಧ ಹೂತುಕೊಂಡು, ಕೊಂಬಿನ ಕಪ್ಪೆ ಕೂತಿತ್ತು. ಅಗಲ ಬಾಯಿ, ಅದಕ್ಕಿಂತ ಅಗಲವಾದ ಹೊಟ್ಟೆ. ಅವಳ ಗಂಡ ರೈನರ್ ಅದನ್ನು ಗುಂಡ ಎಂದು ಕರೆಯುತ್ತಿದ್ದ. ಬೆರಳಿನಿಂದ ಮುಟ್ಟಿದರೆ ಗುಂಡ ಮಿಸುಕಲಿಲ್ಲ. ಮೈ ನದಿಯ ಕಲ್ಲಿನಷ್ಟು ತಣ್ಣಗಿತ್ತು.

ಮಾರೆನ್‌ಗೆ ಕಪ್ಪೆಯ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅವಳಿಗೆ ಇದ್ದದ್ದು ಪೆಟ್ಟಿಗೆಯ ಗಾಜಿಗೆ ಅಂಟಿಸಿದ್ದ ಎರಡು ಮಾಪಕಗಳ ಮುಳ್ಳುಗಳ ಹೆದರಿಕೆ. ಶಾಖದ ಮುಳ್ಳು ಇಪ್ಪತ್ತಾರರಲ್ಲಿರಬೇಕು, ತೇವದ ಮುಳ್ಳು ಎಪ್ಪತ್ತಕ್ಕಿಂತ ಇಳಿಯಬಾರದು. ಕಳೆದ ಶರತ್ಕಾಲದಲ್ಲಿ ತೇವ ಐವತ್ತಕ್ಕೆ ಇಳಿದ ದಿನ ರೈನರ್ ಅವಳ ಕಿರುಬೆರಳನ್ನು ಮೇಜಿನ ಡ್ರಾಯರಿನ ಸಂದಿಯಲ್ಲಿಟ್ಟು, ಮೊಣಕಾಲಿನಿಂದ ಡ್ರಾಯರ್ ಮುಚ್ಚಿದ್ದ. ಆಮೇಲೆ ಪೆಟ್ಟಿಗೆಗೆ ನೀರು ಚಿಮುಕಿಸುತ್ತ, ಕಪ್ಪೆಗೆ ಪಿಸುಮಾತಿನಲ್ಲಿ ಸಮಾಧಾನ ಹೇಳುತ್ತಿದ್ದ. ಅವನ ಕೈ ಎಷ್ಟು ಮೃದುವಾಗಬಲ್ಲದು ಎಂದು ತಿಳಿಯಬೇಕಿದ್ದರೆ ಅವನು ಆ ಪ್ರಾಣಿಯನ್ನು ಎತ್ತಿಕೊಳ್ಳುವುದನ್ನು ನೋಡಬೇಕಿತ್ತು. ಮಾರೆನ್ ಬಸ್ಸಿನಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು.

ಈಗ ಶಾಖದ ಮುಳ್ಳು ಹನ್ನೊಂದರಲ್ಲಿತ್ತು. ಅವಳು ಕಿಟಕಿಗಳನ್ನೂ ಬಾಲ್ಕನಿಯ ಬಾಗಿಲನ್ನೂ ಮುಚ್ಚಿ, ಪೆಟ್ಟಿಗೆಗೆ ಮುಚ್ಚಳ ಹಾಕಿ, ಪ್ಲಗ್ ಚುಚ್ಚಿ, ಹೀಟರಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದಳು. ಉಗುರುಬೆಚ್ಚಗಿನ ನೀರನ್ನು ಸ್ಪ್ರೇ ಬಾಟಲಿಗೆ ತುಂಬುತ್ತಿದ್ದಾಗ ಹೆಡ್ವಿಗ್ ಬಟ್ಟೆಯ ಬುಟ್ಟಿ ಹೊತ್ತು ಒಳಗೆ ಬಂದಳು.

"ಏನೇ ಇದು, ಎಲ್ಲ ಮುಚ್ಚಿಬಿಟ್ಯಾ? ಕೋಣೆ ಕೊಳೆತ ಎಲೆ ತರ ನಾರ್ತಿತ್ತು."

"ಅತ್ತೆ, ಪ್ಲಗ್ ಯಾಕೆ ಕಿತ್ರಿ?"

"ಯಾರೂ ಇಲ್ದಿರೋ ಕೋಣೇಲಿ ಕರೆಂಟ್ ಯಾಕೆ ಉರೀಬೇಕು? ಕಪ್ಪೆ ತಾನೆ? ಕೆರೇಲಿ ಬಿದ್ದಿರೋ ಪ್ರಾಣಿಗೆ ಎಂಥ ಚಳಿ?"

"ಇದು ನಮ್ಮ ಕೆರೆ ಕಪ್ಪೆ ಅಲ್ಲ. ಬಿಸಿ ದೇಶದ್ದು."

ಹೆಡ್ವಿಗ್ ಇನ್ನೇನೋ ಹೇಳಲು ಬಾಯಿ ತೆರೆದವಳು ಸೊಸೆಯ ಕೈ ನೋಡಿದಳು. ಸೊಟ್ಟಗೆ ಕೂಡಿಕೊಂಡಿದ್ದ ಕಿರುಬೆರಳು ಬಾಟಲಿಯಿಂದ ದೂರ ನಿಂತಿತ್ತು. ಬಂದ ದಿನವೇ ಅದನ್ನು ಗಮನಿಸಿ, ಏನೂ ಕೇಳದೆ ಇದ್ದವಳು ಹೆಡ್ವಿಗ್.

"ಅವ್ನು ಎಷ್ಟೊತ್ತಿಗೆ ಬರ್ತಾನೆ?"

"ಇನ್ನೇನು ಬಂದ್ರು. ಇವತ್ತು ಬೆಳಗಿನ ಪಾಳಿ, ಮಧ್ಯಾಹ್ನಕ್ಕೇ ಮುಗಿಯುತ್ತೆ."

"ಕೂದಲು ಒಣಗಿಸೋ ಮಷಿನ್ ತರ್ಲಾ? ಬೇಗ ಬಿಸಿ ಆಗುತ್ತೆ."

"ಬೇಡ ಅತ್ತೆ, ತೇವ ಹೋಗಿಬಿಡುತ್ತೆ. ಮೆಲ್ಲಗೇ ಏರ್ಬೇಕು."

ಇಬ್ಬರೂ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತರು. ಮುಳ್ಳು ಹದಿಮೂರಕ್ಕೆ ಬಂತು, ಹದಿನೈದಕ್ಕೆ ಬಂತು. ಗಾಜಿನ ಒಳಗೆ ಮಂಜು ಕಟ್ಟತೊಡಗಿತು. ಇನ್ನೊಂದು ಗಂಟೆ ಸಿಕ್ಕಿದ್ದರೆ ಎಲ್ಲ ಮೊದಲಿನಂತೆ ಆಗಿಬಿಡುತ್ತಿತ್ತು, ರೈನರ್‌ಗೆ ಗೊತ್ತೇ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಅವನು ಬಂದೇಬಿಟ್ಟ. ಬೂಟು ಕಳಚಿ, ಕಾಲುಚೀಲದಲ್ಲೇ ನೇರ ಪೆಟ್ಟಿಗೆಯ ಬಳಿ ಬಂದ. ಯಾವತ್ತೂ ಮೊದಲು ಅಲ್ಲಿಗೇ ಬರುತ್ತಿದ್ದ. ಬಗ್ಗಿ ಮುಳ್ಳು ನೋಡಿದ. ಮುಚ್ಚಳ ಸರಿಸಿ ಗುಂಡನ ಬೆನ್ನಿನ ಮೇಲೆ ಬೆರಳಿಟ್ಟ.

"ಹದಿನೇಳು," ಎಂದ. "ಯಾರು?"

"ನಾನು," ಎಂದಳು ಮಾರೆನ್. ಯಾಕೆ ಹಾಗೆಂದಳೋ ಅವಳಿಗೂ ತಿಳಿಯಲಿಲ್ಲ. ಹೇಗಿದ್ದರೂ ಪೆಟ್ಟು ತನಗೇ ಎಂದು ಮೈ ತಾನಾಗಿ ಒಪ್ಪಿಕೊಂಡಿತ್ತೇನೋ.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಅವಳು ಬುಟ್ಟಿಯ ಮೇಲೆ ಉರುಳಿದಳು, ಒಗೆದ ಬಟ್ಟೆಯೆಲ್ಲ ಚೆಲ್ಲಿತು. ಎರಡನೆಯದು ಕಾಲಿನಿಂದ, ಪಕ್ಕೆಗೆ. ಕೂದಲು ಹಿಡಿದು ಎತ್ತಿ, ತುಟಿಯ ಮೇಲೆ ಇನ್ನೊಂದು. ಅವನು ಕೂಗಾಡುತ್ತಿರಲಿಲ್ಲ. ಉಸಿರು ಬಿಗಿಹಿಡಿದು, ಮರ ಸೀಳುವವನ ಹಾಗೆ ಒಂದೊಂದೇ ಹೊಡೆಯುತ್ತಿದ್ದ.

"ಅದಕ್ಕೆ ಹೇಗಾಯ್ತು ಅಂತ ನಿಂಗೂ ಗೊತ್ತಾಗ್ಲಿ ಬಾ," ಎಂದು ಅವಳನ್ನು ಬಾಲ್ಕನಿಗೆ ಎಳೆದ. "ಸಾಯಂಕಾಲದವರೆಗೂ ನಿಂತಿರು."

"ರೈನರ್, ಕಿಟಕಿ ತೆಗ್ದಿದ್ದು ನಾನು. ಪ್ಲಗ್ ಕಿತ್ತಿದ್ದೂ ನಾನೇ," ಎಂದಳು ಹೆಡ್ವಿಗ್.

ಅವನು ತಿರುಗಿ ನೋಡಿದ. "ನೀನು ಸುಮ್ನಿರಮ್ಮ. ನಿಂಗೆ ಸುಮ್ನಿರೋದು ಚೆನ್ನಾಗಿ ಬರುತ್ತಲ್ಲ."

ಹೆಡ್ವಿಗ್ ಅವರ ಹಿಂದೆಯೇ ಬಾಗಿಲಿನವರೆಗೆ ಬಂದಳು. ಹೊರಗೆ ಅವನು ಮಾರೆನ್‌ಳನ್ನು ಕಂಬಿಗೆ ಒತ್ತಿ, ಅವಳ ತಲೆಯನ್ನು ಹೊರಕ್ಕೆ ಬಗ್ಗಿಸುತ್ತಿದ್ದ. ಮೂರನೇ ಮಹಡಿ. ಕೆಳಗೆ ಹಿಮಗಟ್ಟಿದ ಸೈಕಲ್ಲುಗಳು. ಮಾರೆನ್ ಅವನ ಹೆಬ್ಬೆರಳಿನ ಬುಡಕ್ಕೆ ಹಲ್ಲು ಹಾಕಿದಳು. ಬಾಯಿಗೆ ರಕ್ತದ ರುಚಿ ಬರುವವರೆಗೆ ಬಿಡಲಿಲ್ಲ. ಅವನು ಕೈ ಕೊಡವಿದ ಕ್ಷಣದಲ್ಲಿ ಅವನ ತೋಳಿನಡಿ ನುಸುಳಿ ಒಳಗೆ ಬಿದ್ದಳು. ಹೆಡ್ವಿಗ್ ಬಾಗಿಲನ್ನು ದೂಡಿ, ಹಿಡಿಕೆಯನ್ನು ಕೆಳಕ್ಕೆ ತಿರುಗಿಸಿ ಒಳಗಿನಿಂದ ಭದ್ರಪಡಿಸಿದಳು.

ರೈನರ್ ಮೊದಲು ನಕ್ಕ. ಆಮೇಲೆ ಗಾಜಿಗೆ ಒದ್ದ. ಆಮೇಲೆ ಬಾಲ್ಕನಿಯಲ್ಲಿ ತಣ್ಣಗಿಟ್ಟಿದ್ದ ಬಿಯರ್ ಕ್ರೇಟಿನಿಂದ ಬಾಟಲಿ ತೆಗೆದು ಬೀಸಿದ. ಎರಡು ಪದರದ ಬಾಗಿಲಿನ ಹೊರಗಿನ ಗಾಜು ಉದ್ದಕ್ಕೂ ಸೀಳಿತು, ಒಳಗಿನದು ತಡೆಯಿತು. ಇನ್ನೊಂದು ಬಾಟಲಿ. ನೊರೆ ಗಾಜಿನ ಮೇಲೆ ಇಳಿಯುತ್ತಲೇ ಹೆಪ್ಪುಗಟ್ಟಿತು. ಒಂದು ಶರ್ಟು, ಒದ್ದೆಯಾದ ಕಾಲುಚೀಲ, ಅಷ್ಟೇ ಅವನ ಮೈಮೇಲಿದ್ದದ್ದು. ಸ್ವಲ್ಪ ಹೊತ್ತಿಗೆ ಅವನ ಹಲ್ಲು ಕಟಕಟ ಎನ್ನುವುದು ಕಾಣತೊಡಗಿತು.

"ಅಮ್ಮ," ಎಂದ. ಅಷ್ಟೇ ಅಂದ.

ಹೆಡ್ವಿಗ್ ತಾಯಿ ತಾನೆ, ಕರಗಿದಳು. ಸೋಫಾದ ಮೇಲಿನ ಉಣ್ಣೆ ಕಂಬಳಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಾಲ್ಕನಿಗೆ ತೆರೆಯುವ ಕಿಟಕಿಯನ್ನು ಮೇಲ್ತುದಿಯಲ್ಲಿ ಮಾತ್ರ ಗೇಣಗಲ ಓರೆ ಮಾಡಿ, ಸ್ಟೂಲು ಹತ್ತಿ, ಕಂಬಳಿಯನ್ನು ಸಂದಿಯಲ್ಲಿ ತುರುಕಿದಳು. ರೈನರ್ ಕಂಬಳಿಯನ್ನು ಹಿಡಿಯಲಿಲ್ಲ. ಅವಳ ಮಣಿಕಟ್ಟನ್ನು ಹಿಡಿದು ಕಿಟಕಿಯ ಅಂಚಿನ ಮೇಲೆ ಕೆಳಕ್ಕೆ ಜಗ್ಗಿದ.

"ಬಾಗಿಲು ತೆಗೀರಿ. ಇಲ್ದಿದ್ರೆ ಇದನ್ನ ಮುರೀತೀನಿ."

ಮಾರೆನ್ ಬಾಲ್ಕನಿಯ ಬಾಗಿಲಿನತ್ತ ಓಡಿದಳು. ಅವಳ ಕೈ ಹಿಡಿಕೆಯ ಮೇಲಿತ್ತು.

"ತೆಗೀಬೇಡ ಕಣೇ," ಎಂದು ಹೆಡ್ವಿಗ್ ಕೂಗಿದಳು. ನೋವಿಗೆ ಅವಳ ದನಿ ಸೀಳಿತ್ತು. ಮತ್ತೆ ಕಿಟಕಿಯತ್ತ ಬಾಯಿ ಮಾಡಿ, "ಮುರಿಯೋ. ಇನ್ನೊಂದನ್ನ ನಿಮ್ಮಪ್ಪ ಮುರಿದಿದ್ರು," ಎಂದಳು.

ಮಾರೆನ್ ಹಿಡಿಕೆ ಬಿಟ್ಟಳು. ಅಡುಗೆಮನೆಗೆ ಬಂದು, ಗೋಡೆಯ ಕೊಕ್ಕೆಯಿಂದ ಮಾಂಸ ಬಡಿಯುವ ಸುತ್ತಿಗೆ ಇಳಿಸಿ, ಕುರ್ಚಿ ಹತ್ತಿದಳು. ಸಂದಿಯಲ್ಲಿ ಅವನ ಬೆರಳುಗಳು ಮುದುಕಿಯ ಮಣಿಕಟ್ಟಿನ ಸುತ್ತ ಬೆಳ್ಳಗೆ ಬಿಗಿದಿದ್ದವು. ಒಂದೇ ಪೆಟ್ಟು ಹಾಕಿದಳು, ಗೆಣ್ಣುಗಳ ಮೇಲೆ, ಇದ್ದ ಶಕ್ತಿಯೆಲ್ಲ ಸೇರಿಸಿ. ಮೂಳೆ ಲಟಕ್ಕೆಂದದ್ದು ಅವಳಿಗೆ ಕೇಳಿಸಿತು, ಕೇಳಿಸಿ ಹಿತವಾಯಿತು. ಹಿತವಾದದ್ದಕ್ಕೆ ಭಯವಾಯಿತು. ರೈನರ್ ಊಳಿಡುತ್ತ ಹಿಂದಕ್ಕೆ ಬಿದ್ದ.

ಕಂಬಳಿ ಒಳಗೇ ಜಾರಿತು. ಹೆಡ್ವಿಗ್ ಉಳಿದ ಕೈಯಿಂದ ಕಿಟಕಿಯನ್ನು ತಾನೇ ಎಳೆದು ಮುಚ್ಚಿದಳು.

ಪೊಲೀಸರಿಗೆ ಫೋನು ಮಾಡಿದ್ದು ಮಾರೆನ್. ಒಡೆದ ತುಟಿಯಲ್ಲಿ ವಿಳಾಸವನ್ನು ಎರಡು ಸಲ ಹೇಳಬೇಕಾಯಿತು. "ಅವರು ಹೊರಗಿದ್ದಾರೆ, ನಾವು ಒಳಗಿದ್ದೀವಿ," ಎಂದಳು. "ಬೇಗ ಬನ್ನಿ, ಚಳಿ ಇದೆ."

ಫೋನಿಟ್ಟು ಪೆಟ್ಟಿಗೆಯ ಕಡೆ ನೋಡಿದಳು. ಮಂಜು ಕಟ್ಟಿದ ಗಾಜಿನ ಹಿಂದೆ ಗುಂಡನ ಗಂಟಲು ಒಮ್ಮೆ ಮಿಡಿಯಿತು, ತಡೆದು ಮತ್ತೊಮ್ಮೆ ಮಿಡಿಯಿತು.

"ಸತ್ತೋಯ್ತಾ ಅದು?" ಎಂದು ಅಡುಗೆಮನೆಯ ನೆಲದಿಂದಲೇ ಹೆಡ್ವಿಗ್ ಕೇಳಿದಳು.

"ಇಲ್ಲ. ಉಸಿರಾಡ್ತಿದೆ."

"ಹಾಗಾದ್ರೆ ಅವ್ನು ನಿನ್ನ ಹೊಡೆದಿದ್ದು ಯಾತಕ್ಕೆ?"

ಮಾರೆನ್ ಬಂದು ಅತ್ತೆಯ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಳು. ಮುದುಕಿಯ ಮಣಿಕಟ್ಟು ಆಗಲೇ ಊದಿ ನೀಲಿಗಟ್ಟುತ್ತಿತ್ತು. ಹೊರಗೆ ರೈನರ್ ಗಾಜು ಬಡಿಯುವುದನ್ನು ನಿಲ್ಲಿಸಿದ್ದ. ಒಂದೇ ಸಮನೆ ಅಮ್ಮ, ಅಮ್ಮ ಎನ್ನುತ್ತಿದ್ದ.

"ಅವ್ನಿಗೆ ಚಳಿ ಆಗ್ತಿದೆ," ಎಂದಳು ಹೆಡ್ವಿಗ್.

"ಹೂಂ."

ಇಬ್ಬರೂ ಏಳಲಿಲ್ಲ. ಮಾರೆನ್ ನೆಲದ ಮೇಲೆ ಬಿದ್ದಿದ್ದ ಕಂಬಳಿಯನ್ನು ಎಳೆದು ಅತ್ತೆಯ ಹೆಗಲಿಗೆ ಹೊದಿಸಿದಳು. ಹೆಡ್ವಿಗ್ ಬಾಲ್ಕನಿಯ ಕಡೆಯಿಂದ ಮುಖ ತಿರುಗಿಸಿ, ಅದರ ಒಂದು ತುದಿಯನ್ನು ಬಿಡಿಸಿ, ಸೊಸೆಯ ತೋಳಿನ ಮೇಲೂ ಹೊದಿಸಿದಳು.