ಬ್ಯಾಗ್ ಬಂದರೆ ಫೋನ್ ಎತ್ತೋರು ಯಾರು?

ವಿಮಾನ ನಿಲ್ದಾಣದ ಲಗೇಜ್ ಬೆಲ್ಟ್ ತಿರುಗಿ ತಿರುಗಿ ಕೊನೆಗೆ ನಿಂತೇಹೋಯಿತು. ವಿಮಾನದಲ್ಲಿ ಜೊತೆಗೆ ಬಂದವರೆಲ್ಲ ತಮ್ಮ ತಮ್ಮ ಲಗೇಜ್ ಎಳೆದುಕೊಂಡು ತಮ್ಮವರ ಕಡೆ ಓಡಿದರು. ಅವಳ ನೀಲಿ ಸೂಟ್‌ಕೇಸ್ ಮಾತ್ರ ಬರಲೇ ಇಲ್ಲ.

ಐದು ವರ್ಷ ಪರದೇಶದಲ್ಲಿ ಹಾಸಿಗೆ ಹಿಡಿದವರ ಆರೈಕೆ ಮಾಡಿ, ಹತ್ತೇ ಹತ್ತು ದಿನದ ರಜೆ ಗಿಟ್ಟಿಸಿಕೊಂಡು ಬಂದಿದ್ದಳು. ಅವಳಿಗೆ ತನ್ನವರು ಅಂತ ಇದ್ದವನು ಒಬ್ಬ ಅಣ್ಣ. ಪ್ರಿಂಟಿಂಗ್ ಪ್ರೆಸ್ಸಿನ ಗದ್ದಲದಲ್ಲಿ ಮೂವತ್ತು ವರ್ಷ ದುಡಿದು ಅವನ ಕಿವಿ ಕೈಕೊಟ್ಟಿತ್ತು. ವರ್ಷದಿಂದ ಫೋನಿನಲ್ಲಿ ಮಾತೇ ಇಲ್ಲ. ಅವನ ಕಿವಿ ಪರೀಕ್ಷೆಯ ಚೀಟಿ ತರಿಸಿಕೊಂಡು, ಅದಕ್ಕೆ ತಕ್ಕಂತೆ ಹೊಂದಿಸಿ ಕೊಂಡಿದ್ದ ಕಿವಿ ಮೆಷಿನ್ ಆ ಸೂಟ್‌ಕೇಸಿನಲ್ಲೇ ಇತ್ತು. ಕೈಚೀಲದಲ್ಲಿ ಏನಿತ್ತು ಅಂತೀರಿ? ಬಿಸ್ಕತ್ತು, ಬಾಚಣಿಗೆ!

ಸೋತ ಮುಖ ಹೊತ್ತು, ಖಾಲಿ ಟ್ರಾಲಿ ತಳ್ಳಿಕೊಂಡು ಬಾಗಿಲ ಕಡೆ ಹೊರಟಳು. ಟ್ರಾಲಿ ಜೋಡಿಸುತ್ತಿದ್ದವನೊಬ್ಬ ತಡೆದ.

“ಏನಮ್ಮಾ, ಟ್ರಾಲಿಗೆ ಗಾಳಿ ತುಂಬ್ಕೊಂಡು ಹೊರಟ್ಯಾ?”

“ಬ್ಯಾಗ್ ಬಂದಿಲ್ಲಣ್ಣ. ಹೋದದ್ದು ಹೋಯ್ತು. ನಮ್ಮಂಥೋರ ಬ್ಯಾಗ್ ಯಾರು ಹುಡುಕ್ತಾರೆ?”

“ನಡುವೆ ವಿಮಾನ ಬದಲಾಯಿಸ್ದೆ ತಾನೆ? ನೀನು ಓಡ್ಬಂದೆ, ಅದಕ್ಕೆ ಕಾಲಿಲ್ಲ ಪಾಪ, ಅಲ್ಲೇ ಉಳ್ಕೊಂಡಿರುತ್ತೆ. ಹೆಚ್ಚಿನವು ಹಿಂದೇನೇ ಬರ್ತವೆ. ಆದ್ರೆ ದೂರು ಬರೆಸ್ದೆ ಈ ಬಾಗಿಲು ದಾಟ್ಬೇಡ. ಬ್ಯಾಗ್ ಒಪ್ಪಿಸ್ದಾಗ ಅಂಟು ಚೀಟಿ ಕೊಟ್ರಲ್ಲ, ಎಲ್ಲಿ?”

ಬೋರ್ಡಿಂಗ್ ಪಾಸಿನ ಬೆನ್ನಿಗೆ ಅಂಟಿಕೊಂಡಿತ್ತು, ಪುಣ್ಯಕ್ಕೆ. ಅವನೇ ಕೌಂಟರಿಗೆ ಕರೆದುಕೊಂಡು ಹೋದ.

“ಬಣ್ಣ?” ಕೌಂಟರಿನ ಹುಡುಗಿ ಕೇಳಿದಳು.

“ನೀಲಿ.”

“ನೀಲೀವು ಇವತ್ತು ನಾನೇ ಹನ್ನೊಂದು ನೋಡಿದೀನಿ ಮೇಡಂ. ಗುರುತು ಹೇಳಿ. ಫೋಟೊ ಇದ್ರೆ ಇನ್ನೂ ಒಳ್ಳೇದು.”

“ಫೋಟೊ ಇಲ್ಲ. ಹಿಡಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿದೀನಿ.”

“ಸರಿ. ಮನೆ ವಿಳಾಸ, ಇಲ್ಲಿನ ಫೋನ್ ನಂಬರ್?”

ಪೆನ್ನು ಅಲ್ಲೇ ನಿಂತಿತು. ಅವಳ ಸಿಮ್ ಪರದೇಶದ್ದು, ಇಲ್ಲಿ ಸತ್ತಿತ್ತು. ಅಣ್ಣನ ಫೋನ್ ಬಡಿದುಕೊಂಡರೂ ಅವನಿಗೆ ಕೇಳದು. ಹುಟ್ಟಿ ಬೆಳೆದ ಊರಿನಲ್ಲಿ ಬರೆಯಲು ಒಂದು ನಂಬರ್ ಇಲ್ಲವಲ್ಲ!

“ನೆರೆಹೊರೆ?” ಟ್ರಾಲಿಯಣ್ಣ ಕೇಳಿದ.

“ಮಹಡಿ ಮೇಲೆ ಟೈಲರಮ್ಮ ಇದಾರೆ. ಹೋದ್ಮೇಲೆ ಒಂದ್ಸಲಾನೂ ಹೇಗಿದೀರಿ ಅಂದಿಲ್ಲ ನಾನು. ಈಗ ಯಾವ ಮುಖ ಇಟ್ಕೊಂಡು…”

“ಇರೋ ಮುಖಾನೇ ಇಟ್ಕೊ. ತಗೋ, ನನ್ ಫೋನಲ್ಲಿ ಮಾಡು.”

ಆ ಕಡೆಯಿಂದ ಟೈಲರಮ್ಮ ಅಂದರು: “ಅದಕ್ಕೂ ಕೇಳ್ಬೇಕೇನೇ? ಬರೆಸು!”

ದೂರಿನ ನಂಬರಿದ್ದ ಚೀಟಿ ಹಿಡಿದು ಮನೆಗೆ ಬಂದಳು. ಆಮೇಲಿನ ಎರಡು ದಿನ ಬಹಳ ಉದ್ದವಿದ್ದವು. ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಅವಳು ಬರೆಯುವುದು, ಅಣ್ಣ ಓದಿ, “ಅದು ಬರಲ್ಲ ಬಿಡೇ!” ಅಂತ ಕೂಗುವುದು. ಅಲ್ಲಿ ದಿನವಿಡೀ ಪರಭಾಷೆಯಲ್ಲಿ ಮಾತಾಡಿ ನಾಲಿಗೆ ದಣಿದಿತ್ತು. ಇಲ್ಲಿ ಸ್ವಂತ ಮಾತಿತ್ತು, ಕೇಳುವ ಕಿವಿ ಇರಲಿಲ್ಲ. ದಿನಾ ಬೆಳಿಗ್ಗೆ ಮೇಲೆ ಹೋಗಿ, ಟೈಲರಮ್ಮನ ಫೋನಿನಿಂದ ದೂರಿನ ನಂಬರ್ ಹೇಳಿ ವಿಚಾರಿಸುತ್ತಿದ್ದಳು.

ಮೂರನೆಯ ದಿನ ಟೈಲರಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ ಇಳಿದು ಬಂದರು. “ಫೋನ್ ಬಂತು ಕಣೇ! ಬ್ಯಾಗ್ ತಂದೋರು ಬೀದಿ ತುದೀಲಿದಾರಂತೆ, ಸಹಿ ಹಾಕ್ಬೇಕಂತೆ!”

ಕಿವಿ ಮೆಷಿನ್ ಹಾಕಿಸಿಕೊಂಡ ಅಣ್ಣ ಬೆಚ್ಚಿದ. “ಅದೇನು ಟಕಟಕ ಸದ್ದು?”

“ಮೇಲೆ ಟೈಲರಮ್ಮ ಹೊಲೀತಿದಾರೆ.”

“ಇಷ್ಟು ಹತ್ರ ಜನ ಇದಾರೆ ಅನ್ನೋದೇ ಮರ್ತಿದ್ದೆ.” ಅವನ ದನಿ ಇಳಿಯಿತು. “ಬರಲ್ಲ ಅಂದಿದ್ದೆ. ದೂರು ಬರೆಸಿದ್ದು ಒಳ್ಳೇದಾಯ್ತು. ಹೂಂ, ಮಾತಾಡು.”

“ಇನ್ನು ಏಳೇ ದಿನ ಇರೋದಣ್ಣ.”

“ಹಾಗಾದ್ರೆ ಬೇಗ ಬೇಗ ಮಾತಾಡು.”

ಊರಿಗೆ ಹೊರಟವರೇ, ಕೇಳಿಸಿಕೊಂಡಿರಲ್ಲ? ಔಷಧಿ, ಕಾಗದಪತ್ರ, ಬಿಟ್ಟಿರಲಾಗದ ವಸ್ತು ಕೈಚೀಲದಲ್ಲೇ ಇರಲಿ. ಬ್ಯಾಗ್ ಒಪ್ಪಿಸುವ ಮೊದಲು ಒಂದು ಫೋಟೊ ತೆಗೆಯಿರಿ, ಅಂಟು ಚೀಟಿ ಬಿಸಾಡಬೇಡಿ. ಬ್ಯಾಗ್ ಬರದಿದ್ದರೆ ದೂರು ಬರೆಸಿ, ನಂಬರ್ ಪಡೆದೇ ಹೊರಗೆ ಬನ್ನಿ. ಅಷ್ಟರಲ್ಲಿ ಬಟ್ಟೆಬರೆ ಕೊಳ್ಳಬೇಕಾದರೆ ಬಿಲ್ ಇಟ್ಟುಕೊಂಡು ವಿಮಾನ ಕಂಪನಿಯನ್ನು ಕೇಳಿ. ಇಳಿಯುವ ಊರಿನಲ್ಲಿ ಫೋನ್ ಎತ್ತುವ ಒಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಗ್ ಕಳೆಯುವ ತನಕ ಕಾಯಬೇಡಿ, ಇವತ್ತೇ ಅವರಿಗೊಂದು ಫೋನ್ ಮಾಡಿ, ಹೇಗಿದ್ದೀರಿ ಅಂತ ಕೇಳಿ.