ಕೊನೆಯ ಪ್ಯಾರಾ

ದ್ವೀಪನಗರ ಸುವಾದ ಪತ್ರಿಕೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಕ್ಯಾಮೆರಾ ಹೊತ್ತ ಇಸಿಕೇಲಿ ಸೋಮವಾರ ತೀರಿಕೊಂಡ. ಬದುಕಿದ್ದಾಗ ನೆಟ್ಟಗೆ ಒಂದು ಕುರ್ಚಿ ಕೊಡದವರು ಸತ್ತ ಮೇಲೆ ಅರ್ಧ ಪುಟ ಕೊಟ್ಟರು. ಬರೆಯುವ ಕೆಲಸ ಮುಖ್ಯ ವರದಿಗಾರ್ತಿ ಮೆರೆವಾಲೇಸಿಯ ಕೊರಳಿಗೆ ಬಿತ್ತು. ಅವನೊಂದಿಗೆ ಅಲೆದವರಲ್ಲಿ ಉಳಿದವಳು ಅವಳೊಬ್ಬಳೇ.

ಬರೆಯುವುದಕ್ಕೇನು ಬರವಿರಲಿಲ್ಲ. ಚಂಡಮಾರುತದ ಮರುದಿನ ಎದೆಮಟ್ಟದ ನೀರಿನಲ್ಲಿ ಕ್ಯಾಮೆರಾ ತಲೆಯ ಮೇಲಿಟ್ಟುಕೊಂಡು ನಡೆದದ್ದು, ಮಂತ್ರಿಯೊಬ್ಬರಿಗೆ 'ಸ್ವಲ್ಪ ಹೊಟ್ಟೆ ಒಳಗೆಳ್ಕೊಳ್ಳಿ' ಎಂದದ್ದು. ಬರೆಯಲು ಹಿಂಜರಿದದ್ದು ಬೇರೆಯದು. ಹದಿನೆಂಟು ವರ್ಷದ ಹಿಂದೆ ಕೋರ್ಟಿನ ಮೆಟ್ಟಿಲ ಮೇಲೆ ಅವನು ತೆಗೆದ ಚಿತ್ರಕ್ಕೆ, ಅಲ್ಲಿ ಸಾಲಾಗಿ ನಿಂತವರ ಹೆಸರು ಬರೆದುಕೊಂಡವಳು ಅವಳು. ಆ ಜನರ ಬೆನ್ನ ಹಿಂದೆ ನಿಂತು ಎಡದಿಂದ ಬಲಕ್ಕೆ ಬರೆದಳು. ಮುಂದಿನಿಂದ ತೆಗೆದ ಚಿತ್ರದಲ್ಲಿ ಸಾಲು ತಿರುಗುಮುರುಗಾಯಿತು. ಲಂಚದ ಆರೋಪಿಯ ಹೆಸರು ಸಾಕ್ಷಿ ಹೇಳಲು ಬಂದಿದ್ದ ಮೇಷ್ಟ್ರ ಮುಖದ ಕೆಳಗೆ ಅಚ್ಚಾಯಿತು. ಸಂಪಾದಕರು ಕೂಗಾಡಿದಾಗ ಇಸಿಕೇಲಿ, "ಹೆಸ್ರು ಕೊಟ್ಟಿದ್ದು ನಾನು" ಎಂದುಬಿಟ್ಟ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅವಳಿಗೆ ಬಡ್ತಿ ಬಂತು. ಅವನು ಕೊನೆಯವರೆಗೂ ಶಾಲೆಗಳ ಬಹುಮಾನ ವಿತರಣೆಯ ಚಿತ್ರ ತೆಗೆಯುತ್ತ ಉಳಿದ.

ಈ ಸಲ ಬರೆದೇಬಿಟ್ಟಳು. ತಪ್ಪು ನನ್ನದು, ಶಿಕ್ಷೆ ಅವನಿಗಾಯಿತು ಎಂದು ನೇರವಾಗಿ ಬರೆದಳು. ಬರೆದದ್ದು ಕೊನೆಯ ಪ್ಯಾರಾದಲ್ಲಿ.

ಬೆಳಿಗ್ಗೆ ಪತ್ರಿಕೆ ತೆರೆದರೆ ಆ ಪ್ಯಾರಾ ಇರಲಿಲ್ಲ. ಅದರ ಜಾಗದಲ್ಲಿ ಟೈರಿನ ಜಾಹೀರಾತು ಕೂತಿತ್ತು. ಪುಟ ಜೋಡಿಸುವ ದಿನೇಶ್ವರನಿಗೆ ಫೋನ್ ಮಾಡಿದಳು.

"ಜಾಹೀರಾತು ತಡವಾಗಿ ಬಂತು ಅಕ್ಕ. ಓದೋಕೂ ಪುರುಸೊತ್ತಿರ್ಲಿಲ್ಲ, ಕೆಳಗಿಂದ ಕತ್ತರಿಸ್ದೆ. ಯಾವಾಗ್ಲೂ ಹಂಗೇ ಅಲ್ವಾ?"

ಅವಳು ಫೋನ್ ಇಟ್ಟಳು. ಎದೆ ಹಗುರವಾಯಿತು, ಹಗುರವಾದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಧ್ಯಾಹ್ನ, ವಾಡಿಕೆಯಂತೆ ಕೊಡಲು ಹೊಸ ಚಾಪೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಸಾವಿನ ಮನೆಗೆ ಹೋದಳು. ಗಂಡಸರು ಯಂಗೋನಾ ಬೇರಿನ ಪಾನೀಯದ ಬಟ್ಟಲ ಸುತ್ತ ಕೂತು ಕುಡಿಯುತ್ತಿದ್ದರು. ಇಸಿಕೇಲಿಯ ಹೆಂಡತಿ ತಿತಿಲಿಯಾ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು.

"ಚೆನ್ನಾಗ್ ಬರ್ದಿದ್ದೀಯ," ಎಂದಳು. "ಕೋರ್ಟಿನ ವಿಷ್ಯ ಇಲ್ವಲ್ಲ."

ಮೆರೆವಾಲೇಸಿ ಚಾಪೆಯನ್ನು ಇನ್ನಷ್ಟು ಅವುಚಿಕೊಂಡಳು. ಹಾಗಾದರೆ ಅವನು ಹೆಂಡತಿಗೆ ಎಲ್ಲ ಹೇಳಿದ್ದ. "ಬರ್ದಿದ್ದೆ ಅತ್ತಿಗೆ, ದೇವ್ರಾಣೆ. ಅವ್ರು ಕತ್ತರಿಸ್ಬಿಟ್ರು."

"ಎಲ್ಲಿ ಬರ್ದಿದ್ದೆ?"

"ಕೊನೇಲಿ."

ತಿತಿಲಿಯಾ ಪತ್ರಿಕೆಯನ್ನು ನಿಧಾನವಾಗಿ ಮಡಿಸಿದಳು. "ಪೇಪರ್‌ನೋನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೀನಿ ಕಣೇ. ಕತ್ತರಿ ಎಲ್ಲಿಂದ ಶುರುವಾಗುತ್ತೆ ಅಂತ ನಂಗೂ ಗೊತ್ತು. ಚಾಪೆ ಅಲ್ಲಿಡು, ಊಟ ಮಾಡ್ಕೊಂಡು ಹೋಗು."